ಹೊನ್ನಾಳಿ ಬಸ್ಸಿನಲ್ಲಿ ಗ್ಲೈಡರ್ ಫೋನು

ಇಂಜಿನ್ ಇಲ್ಲದ ಗ್ಲೈಡರ್ ವಿಮಾನ ಹಾರಿಸುವವರೊಬ್ಬರು ನ್ಯಾಮತಿಯ ನನ್ನ ಮೊಬೈಲ್ ಅಂಗಡಿಗೆ ಬಂದು, ಹಳೇ ಫೋನಿಗೆ ದಾರಿ, ಎತ್ತರ ತೋರಿಸುವ ಆ್ಯಪ್ ಹಾಕಿಸಿಕೊಂಡರು. "ನಾಳೆ ಆಕಾಶದಲ್ಲಿ ಇದು ಕೈಕೊಟ್ಟರೆ ಯಾರದೋ ಹೊಲದಲ್ಲಿ ಬೀಳ್ತೀನಿ, ಮೇಡಂ" ಎಂದು ಅನುಮಾನಪಟ್ಟರು. ನನ್ನ ಅಂಗಡಿಯಿಂದ ಪರೀಕ್ಷಿಸದೆ ಚಾರ್ಜರ್ ಕೂಡ ಹೊರಗೆ ಹೋಗುವುದಿಲ್ಲ. ನಮ್ಮೂರಲ್ಲಿ ಹಾರುವ ವಾಹನವೆಂದರೆ ಹೊನ್ನಾಳಿ ಬಸ್ಸೊಂದೇ; ಪರೀಕ್ಷೆಗೆಂದು ಅವರನ್ನೂ ಹತ್ತಿಸಿಕೊಂಡು ಹೊರಟೆ.

ಬಸ್ಸು ಹೊರಟದ್ದೇ ಫೋನು ಕಿರುಚತೊಡಗಿತು.

"ಏನಕ್ಕಾ ಅದು?" ಎಂದ ಕಂಡಕ್ಟರ್.

"ನೆಲ ಭಾಳ ಹತ್ರ ಐತಂತೆ, ಹುಷಾರಂತೆ" ಎಂದೆ.

"ಬಸ್ಸು ಮತ್ತೆಲ್ಲಿ ಓಡಬೇಕ್ರೀ? ಮೊದ್ಲು ಬಂದ್ ಮಾಡ್ರಿ, ಜನ ಹೆದರ್ತಾರೆ!"

"ಬೇಡ, ಕೂಗಲಿ" ಎಂದು ಪೈಲಟ್ ಮೊದಲ ಸಲ ನಕ್ಕರು. "ಸರಿಯಾಗೇ ಕೆಲಸ ಮಾಡ್ತಿದೆ."

ಅವರು ನಿಶ್ಚಿಂತೆಯಿಂದ ಇಳಿದರು. ನಾವು ಕ್ಷೇಮವಾಗಿ ಹೊನ್ನಾಳಿ ತಲುಪಿದ್ದನ್ನು ಅವರ ಕೈಯಲ್ಲಿ ಇನ್ನೂ ಕೂಗುತ್ತಿದ್ದ ಫೋನು ಮಾತ್ರ ಕೊನೆಗೂ ಒಪ್ಪಲಿಲ್ಲ.