ರಾಮಣ್ಣ ‘ಹೌದು’ ಅಂತ ಬರೆದದ್ದು

ಬಾಗೂರಿನ ರಾಮಣ್ಣ ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣದ ಮೇಲೆ ಹೊಳೆನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ವಯಸ್ಸು ಐವತ್ಮೂರು, ಕತ್ತಿನ ಸುತ್ತಳತೆ ಹದಿನೇಳೂವರೆ ಇಂಚು. ಕತ್ತನ್ನು ಅಳೆದದ್ದು ಡಾಕ್ಟರು; ಅದಕ್ಕೆ ಮುಂಚೆ ಊರಿನವರು ಅದನ್ನು ಅವನ ಗತ್ತಿಗೇ ಸೇರಿಸಿಕೊಂಡಿದ್ದರು. ಇಪ್ಪತ್ತೈದು ವರ್ಷದಲ್ಲಿ ಒಂದು ನಾಯಿಗೂ ಚಕ್ರ ತಾಗಿಸಿಲ್ಲವೆಂದು ಸ್ಟ್ಯಾಂಡಿನವರೆಲ್ಲ ಸೇರಿ ಒಂದು ರಾಜ್ಯೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದ್ದರು. ಅಂದಿನಿಂದ ಅವನು ಹಾರ್ನ್ ಹೊಡೆಯುವುದರಲ್ಲೂ ಸನ್ಮಾನಿತರ ಗಾಂಭೀರ್ಯ ಬಂದಿತ್ತು.

ಮಧ್ಯಾಹ್ನ ಎರಡು ಟ್ರಿಪ್ಪಿನ ನಡುವೆ ರಾಮಣ್ಣ ಕೊನೆಯ ಸೀಟಿನಲ್ಲಿ ಮಲಗಿದರೆ, ಇಂಜಿನ್ ಚಾಲೂ ಆಯಿತೆಂದು ಜನ ಟೀ ಅರ್ಧಕ್ಕೇ ಬಿಟ್ಟು ಓಡಿಬಂದು ಬಸ್ಸು ಹತ್ತುತ್ತಿದ್ದರು. ಹೆಂಡತಿ ದೊಡ್ಡತಾಯಮ್ಮನ ದೂರು ಗೊರಕೆಯ ಮೇಲಲ್ಲ.

“ಗೊರ್ಕೆ ಓಗ್ಲಿ, ಮಧ್ಯಮಧ್ಯ ಉಸ್ರೇ ನಿಂತೋಯ್ತದೆ. ಬತ್ತದೋ ಇಲ್ವೋ ಅಂತ ನಾನು ಎಣಿಸ್ಕೊಂಡು ಕುಂತಿರ್ತೀನಿ.”

“ದುಡಿದು ಬಂದು ಮಲ್ಗಿದ್ರೆ ಗೊರ್ಕೆ ಬರ್ದೆ ಕೊಳಲು ಕೇಳ್ತದೇನೇ?” ಎನ್ನುತ್ತಿದ್ದ ರಾಮಣ್ಣ.

ಹಗಲಲ್ಲಿ ಕಣ್ಣು ಎಳೆಯುವುದಕ್ಕೆ ಅವನು ಮುದ್ದೆಯನ್ನು ದೂರಿದ. ಒಂದು ತಿಂಗಳು ಮುದ್ದೆ ಬಿಟ್ಟು ಇಡ್ಲಿ ತಿಂದ. ಇಡ್ಲಿ ತಿಂದೂ ಅಷ್ಟೇ ತೂಕಡಿಸಿದ. ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡ, ಹಸಿಮೆಣಸಿನಕಾಯಿ ಕಚ್ಚಿದ. ಮೆಣಸಿನಕಾಯಿಯ ಪರಿಣಾಮ ಹತ್ತು ನಿಮಿಷ ಇರುತ್ತಿತ್ತು. ಹೊಳೆನರಸೀಪುರ ಇನ್ನೂ ಮುಕ್ಕಾಲು ಗಂಟೆ ದೂರದಲ್ಲಿರುತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಬಸ್ಸು ಬಾಗೂರು ಬಿಟ್ಟದ್ದು ಅವನಿಗೆ ನೆನಪಿತ್ತು. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಬ್ರೇಕು ತುಳಿದದ್ದೂ ನೆನಪಿತ್ತು. ನಡುವೆ ಒಂದು ಕೆರೆ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ತೆಂಗಿನ ತಲೆಗಳು. ಅದನ್ನು ದಾಟಿದ್ದು ನೆನಪಿರಲಿಲ್ಲ. ಅರವತ್ತು ಜನ ಎಂದಿನಂತೆ ತಳ್ಳಾಡಿಕೊಂಡು ಇಳಿದು ಹೋದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ತಾವೂ ನಿದ್ದೆಯಲ್ಲಿದ್ದರು. ಆದರೆ ಅವರಿಗೆ ಅದರ ಹಕ್ಕಿತ್ತು. ರಾಮಣ್ಣ ಸ್ಟೀರಿಂಗ್ ಹಿಡಿದುಕೊಂಡೇ ಕಾಲು ಗಂಟೆ ಕೂತಿದ್ದ. ಶಾಲು ಹೊದಿಸಿದವರಿಗೆ ಹೇಳುವಂಥ ವಿಷಯವಾಗಿರಲಿಲ್ಲ ಅದು.

ಕೊನೆಗೆ ಈ ವರ್ಷ ಅವನು ಹೆಂಡತಿಯನ್ನು ಕರೆದುಕೊಂಡು ಹಾಸನಕ್ಕೆ ಹೋದ. ಅಲ್ಲಿನ ಡಾಕ್ಟರ್ ಪ್ರಿಯಂವದಾ ಒಂದು ರಾತ್ರಿಯ ಮಟ್ಟಿಗೆ ಮೈಗೆಲ್ಲ ವೈರು ಸುತ್ತಿ ಪರೀಕ್ಷೆ ಮಾಡಿಸಿದರು. “ನಿಮಗೆ ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲುತ್ತೆ ರಾಮಣ್ಣ. ಪ್ರತಿ ಸಲ ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ. ನೀವು ಮಲಗ್ತೀರ ಅಷ್ಟೇ, ನಿದ್ದೆ ಮಾಡ್ತಾ ಇಲ್ಲ. ಮೂಗಿಗೆ ಗಾಳಿ ಒತ್ತೋ ಮಿಷಿನ್ ಹಾಕ್ಕೊಂಡು ಮಲಗಿ. ನಾನು ನೋಡಿ ಹೇಳೋವರೆಗೆ ಬಸ್ಸು ಮುಟ್ಟಬೇಡಿ.”

ಓನರ್ ನಟರಾಜನಿಗೆ ಇದು ತನ್ನ ಸ್ಥಾನಕ್ಕೆ ಮಾಡಿದ ಅವಮಾನದಂತೆ ಕಂಡಿತು. ಒಂದೂವರೆ ಬಸ್ಸಿನ ಒಡೆಯ ಅವನು. ಎರಡನೆಯ ಬಸ್ಸಿನ ಉಳಿದರ್ಧ ಭಾವನದು.

“ಗೊರ್ಕೆ ಒಡ್ಯೋರೆಲ್ಲ ಸ್ಟೀರಿಂಗ್ ಬುಟ್ರೆ ಜಿಲ್ಲೇಲಿ ಒಂದು ಬಸ್ಸೂ ಓಡಾಕಿಲ್ಲ ಕಣ ರಾಮಣ್ಣ. ನಮ್ಮಪ್ಪಾನೂ ಒಡೀತಿದ್ರು.”

“ನಿಮ್ಮಪ್ಪಾರು ಹಿಂದ್ಗಡೆ ಸೀಟ್ನಲ್ಲಿ ಒಡೀತಿದ್ರು ಓನರ್ರೇ. ನಾನು ಮುಂದ್ಗಡೆ ಕುಂತಿರ್ತೀನಿ.”

“ಸೋಮವಾರ ಬರ್ನಿಲ್ಲ ಅಂದ್ರೆ ಅರಕಲಗೂಡಿಂದ ಬೇರೆ ಡ್ರೈವರ್ ಕರ್ಕೊ ಬತ್ತೀನಿ, ನೋಡು.”

“ಕರ್ಕೊ ಬನ್ನಿ. ಆದ್ರೆ ಮೊದ್ಲು ಅವನ ಎಂಡ್ತೀನ ಮಾತಾಡ್ಸಿ.”

ಅದೇ ವಾರ ರಾಮಣ್ಣನ ಲೈಸೆನ್ಸ್ ನವೀಕರಣಕ್ಕೆ ಬಂದಿತ್ತು. ಚನ್ನರಾಯಪಟ್ಟಣದಲ್ಲಿ ಡ್ರೈವಿಂಗ್ ಸ್ಕೂಲು ಇಟ್ಟಿರುವ ಗುಂಡಯ್ಯನೇ ಈ ಸುತ್ತಿನ ಡ್ರೈವರುಗಳ ಅರ್ಜಿಯನ್ನೆಲ್ಲ ತುಂಬುವುದು. ಆರೋಗ್ಯದ ಹಾಳೆಯಲ್ಲಿ ಪ್ರಶ್ನೆ ಎಷ್ಟಿದ್ದರೂ ಅವನ ಉತ್ತರ ಒಂದೇ: ಇಲ್ಲ. ಅವನ ಲೇಖನಿಯಲ್ಲಿ ಹಾಸನ ಜಿಲ್ಲೆಯ ಡ್ರೈವರುಗಳಷ್ಟು ಆರೋಗ್ಯವಂತರು ಭೂಮಿಯ ಮೇಲೆ ಇರಲಿಲ್ಲ. ರಾಮಣ್ಣನೂ ಇಪ್ಪತ್ತೇಳು ವರ್ಷ ಗುಂಡಯ್ಯ ಬೆರಳಿಟ್ಟ ಕಡೆ ಸಹಿ ಹಾಕಿದ್ದವನೇ. ಈ ಸಲ ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಓದಿದ. ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದುಂಟೆ ಎಂಬ ಪ್ರಶ್ನೆಯ ಮೇಲೆ ಬೆರಳು ನಿಂತಿತು.

“ಇದ್ಕೆ ಹೌದು ಅಂತ ಬರಿ ಗುಂಡಯ್ಯ.”

“ತಲೆ ಕೆಟ್ಟೈತೇನ್ಲಾ? ಅದು ನಿದ್ದೆ ಕಣ್ಲಾ, ಪ್ರಜ್ಞೆ ತಪ್ಪೋದಲ್ಲ!”

“ಮನೇಲಿ ಮಲ್ಗಿದ್ರೆ ನಿದ್ದೆ. ಕೆರೆ ಏರಿ ಮ್ಯಾಲೆ ಅರವತ್ತು ಜನ ಇಟ್ಕೊಂಡು ಮಲ್ಗಿದ್ರೆ ಪ್ರಜ್ಞೆ ತಪ್ಪಿದ್ದೇಯ.”

“ಹೌದು ಅಂದ್ರೆ ಲೈಸನ್ಸು ಅಲ್ಲೇ ನಿಂತ್ಕತದೆ. ಮೂವತ್ತು ವರ್ಷ ಆಯ್ತು, ನನ್ ಫಾರಮ್ಮಲ್ಲಿ ಒಬ್ನೂ ಹೌದು ಅಂದಿಲ್ಲ. ನನ್ ಮರ್ಯಾದೆ ಏನಾಗ್ಬೇಕು?”

“ಪೆನ್ ಕೊಡಿಲ್ಲಿ.”

ರಾಮಣ್ಣ ಗುಂಡಯ್ಯ ಬರೆದಿದ್ದನ್ನು ಹೊಡೆದುಹಾಕಿ, ದೊಡ್ಡ ಅಕ್ಷರದಲ್ಲಿ ‘ಹೌದು’ ಎಂದು ಬರೆದು, ಕೆಳಗೆ ಅಡ್ಡಗೆರೆಯನ್ನೂ ಎಳೆದ. ಗುಂಡಯ್ಯ ಸಾವಿನ ಮನೆಯವನಂತೆ ತಲೆಯ ಮೇಲೆ ಕೈಯಿಟ್ಟು ಕೂತ.

ಲೈಸೆನ್ಸು ನಿಂತಿತು. ತಜ್ಞರ ಪ್ರಮಾಣಪತ್ರ ತರಬೇಕೆಂದು ಅರ್ಜಿ ವಾಪಸ್ ಬಂತು. ಎರಡೂವರೆ ತಿಂಗಳು ರಾಮಣ್ಣ ಮನೆಯಲ್ಲಿದ್ದ. ರಾತ್ರಿ ಸೊಂಡಿಲಿನಂಥ ಕೊಳವೆ ಕಟ್ಟಿಕೊಂಡು ಮಲಗಿದ. ಮೊದಲ ವಾರ ಆ ನಿಶ್ಶಬ್ದಕ್ಕೆ ದೊಡ್ಡತಾಯಮ್ಮ ನಿದ್ದೆಗೆಟ್ಟಳು. “ಇದ್ದೀರಾ?” ಎಂದು ಅಲುಗಾಡಿಸಿ ಅವನನ್ನೇ ಎಬ್ಬಿಸಿದಳು. ಹಗಲು ಅವನು ಸ್ಟ್ಯಾಂಡಿಗೆ ಹೋಗಿ, ಕಂಡ ಕಂಡ ಡ್ರೈವರನ್ನು ನಿಲ್ಲಿಸಿ, “ನೀನು ಗೊರ್ಕೆ ಒಡೀತೀಯೇನ್ಲಾ? ಹಗಲೊತ್ತು ತೂಕಡಿಕೆ ಬತ್ತದಾ?” ಎಂದು ಕೇಳತೊಡಗಿದ. ಪೊಲೀಸರಿಗಿಂತ ಅವನನ್ನು ಕಂಡರೆ ಡ್ರೈವರುಗಳು ಹೆಚ್ಚು ಅಡಗಿಕೊಳ್ಳುತ್ತಿದ್ದರು. ಇಬ್ಬರು ಮಾತ್ರ ಗುಟ್ಟಾಗಿ ಡಾಕ್ಟರ ವಿಳಾಸ ಬರೆದುಕೊಂಡರು.

ಡಾಕ್ಟರು ಮಿಷಿನ್ನು ದಿನಾ ರಾತ್ರಿ ತಾನೇ ಬರೆದಿಟ್ಟ ಉಸಿರಿನ ಲೆಕ್ಕ ನೋಡಿ ಪ್ರಮಾಣಪತ್ರ ಕೊಟ್ಟರು. ಲೈಸೆನ್ಸು ಬಂತು. ಅರಕಲಗೂಡಿನ ಡ್ರೈವರು ಅಷ್ಟರಲ್ಲಿ ಎರಡು ಸಲ ಬಸ್ಸಿನ ಕನ್ನಡಿ ಒಡೆದಿದ್ದರಿಂದ ನಟರಾಜನೂ ಇಳಿದು ಬಂದ. ಷರತ್ತು ಒಂದೇ.

“ಮಿಷಿನ್ ವಿಷ್ಯ ಯಾರ್ಗೂ ಹೇಳ್ಬೇಡ. ಜನ ಹೆದ್ರಿ ಸರ್ಕಾರಿ ಬಸ್ಸಿಗೆ ಓಯ್ತಾರೆ.”

ರಾಮಣ್ಣ ಬಸ್ಸು ಹತ್ತಿದ. ನುಗ್ಗೇಹಳ್ಳಿಯಲ್ಲಿ ಸೀಟು ತುಂಬಿ, ನಿಂತವರೂ ತುಂಬಿದ್ದರು. ಅವನು ಸ್ಟೀರಿಂಗಿಗೆ ಬೆನ್ನು ಹಾಕಿ ಎದ್ದುನಿಂತ. ಕೆಳಗೆ ನಟರಾಜ ಬೇಡವೆಂದು ಕೈಯಾಡಿಸುತ್ತಿದ್ದ.

“ಎಲ್ಲಾರೂ ಕೇಳ್ರಪ್ಪಾ. ನಂಗೆ ಮಲ್ಗಿದಾಗ ಉಸ್ರು ನಿಲ್ಲೋ ಕಾಯ್ಲೆ. ಹೋದ ವರ್ಷ ನಿಮ್ಮನ್ನೆಲ್ಲ ಕೆರೆ ಏರಿ ಮ್ಯಾಲೆ ನಿದ್ದೆಗಣ್ಣಲ್ಲಿ ಕರ್ಕೊಂಡು ಓಗಿದ್ದೆ. ಈಗ ದಿನಾ ಮಿಷಿನ್ ಹಾಕ್ಕೊಂಡು ಮಲಗ್ತೀನಿ. ಯಾವತ್ತು ಮಿಷಿನ್ ಹಾಕ್ಕಳಾಕ್ ಆಗ್ನಿಲ್ವೋ ಅವತ್ತು ಬಸ್ಸು ಮುಟ್ಟಾಕಿಲ್ಲ, ಓನರ್ರು ಏನಾದ್ರೂ ಅನ್ಲಿ. ನಂಬ್ಕೆ ಇಲ್ದೋರು ಇಳ್ಕಳಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೇ ಸಾಲಿನ ಅಜ್ಜಿಯೊಬ್ಬಳು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದವಳು, ಗದರಿದಳು.

“ಇಷ್ಟ್ ಕಷ್ಟಪಟ್ಟು ಹಿಡ್ದಿರೋ ಸೀಟ್ ಬುಟ್ಟು ಯಾವನ್ ಇಳೀತಾನೆ? ನೀನ್ ಎದ್ದಿದ್ದೀಯಲ್ಲಪ್ಪಾ, ನಡಿ ಮತ್ತೆ.”

ರಾಮಣ್ಣ ಕೂತು ಗೇರು ಹಾಕಿದ.