ರಾಣಿಗಾಗಿ ಒಂದು ಸೈಲೆನ್ಸರ್

ನಾನು ಕೆಲಸ ಮಾಡುವ ಹಳ್ಳಿಗಳಲ್ಲಿ ಒಂದಕ್ಕೂ ನಾನು ಮೊದಲು ತಲುಪಿದ್ದಿಲ್ಲ. ನನ್ನ ಬೈಕಿನ ಸದ್ದು ಐದು ನಿಮಿಷ ಮುಂಚೆಯೇ ಹೋಗಿ ಕೂತಿರುತ್ತಿತ್ತು. ಇದನ್ನು ಬಹಳ ಕಾಲ ಹೆಮ್ಮೆಯ ವಿಷಯವೆಂದೇ ತಿಳಿದಿದ್ದೆ. ನಾಲೆಯ ಸೇತುವೆ ಮೇಲೆ ನನ್ನ ಗಾಡಿ ಗುಡುಗಿದರೆ ಸಾಕು, ಊರೊಳಗೆ “ಡಾಕ್ಟ್ರು ಬಂದ್ರು, ಅಸ ಈಚ್ಗೆ ಕಟ್ರಲಾ” ಎಂಬ ಕೂಗು ಏಳುತ್ತಿತ್ತು. ಮಂತ್ರಿಗಳ ಕಾರಿನ ಮುಂದೆ ಸೈರನ್ ಹಾಕಿಕೊಂಡು ಒಂದು ಜೀಪು ಓಡುತ್ತದಲ್ಲ, ಅಂಥದೊಂದು ಸೌಲಭ್ಯವನ್ನು ತುಕ್ಕು ಹಿಡಿದ ಸೈಲೆನ್ಸರ್ ನನಗೆ ಪುಕ್ಕಟೆಯಾಗಿ ಒದಗಿಸಿತ್ತು.

ಡಾಕ್ಟ್ರು ಎಂದದ್ದನ್ನು ನೀವು ನಂಬಬೇಡಿ. ನಾನು ಪಶುವೈದ್ಯ ಇಲಾಖೆಯಲ್ಲಿ ಪರಿವೀಕ್ಷಕ, ಅಂದರೆ ವೈದ್ಯರ ಕೈಕೆಳಗಿನವನು. ಮನೆ ಮದ್ದೂರಿನಲ್ಲಿ, ಕೆಲಸ ಚಿಕ್ಕರಸಿನಕೆರೆ ಸುತ್ತಿನ ಹಳ್ಳಿಗಳಲ್ಲಿ. ಅಲ್ಲಿ ಚೀಲದಲ್ಲಿ ಸೂಜಿ ಇಟ್ಟುಕೊಂಡು ಬಂದವರೆಲ್ಲ ಡಾಕ್ಟ್ರೇ. ಮೊದಲ ಎರಡು ವರ್ಷ ಜನರನ್ನು ತಿದ್ದುತ್ತಿದ್ದೆ. ಆಮೇಲೆ ಕಿವಿಗೆ ಹಿತವಾಗಿಯೇ ಇದೆಯಲ್ಲ ಎನ್ನಿಸಿ ಸುಮ್ಮನಾದೆ. ಹಸು ಬೆದೆಗೆ ಬಂದಾಗ ಹೋಗಿ ಕೃತಕ ಗರ್ಭಧಾರಣೆ ಮಾಡುವುದು ನನ್ನ ದಿನದ ಮುಖ್ಯ ಕೆಲಸ. ಹಳ್ಳಿಯವರು ಅದಕ್ಕೆ ‘ಸೂಜಿ ಹಾಕೋದು’ ಅನ್ನುತ್ತಾರೆ. ಬಾಯಿಗೂ ಸುಲಭ, ಮರ್ಯಾದೆಗೂ ಸುಲಭ.

ನನ್ನ ಬೈಕಿಗೆ ಹದಿನಾರು ವರ್ಷ. ಒಂದೇ ಓಟದಲ್ಲಿ ದೂರ ಹೋಗುವ ಗಾಡಿಯ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ, ಒಳಗಿನ ತೇವ ಆರಿಹೋಗುತ್ತದೆ. ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಎರಡೆರಡು ಮೈಲಿ ಓಡಿ ನಿಲ್ಲುವ ನನ್ನಂಥವರ ಗಾಡಿಯಲ್ಲಿ ನೀರು ಒಳಗೇ ನಿಂತು, ಹೊರಗೆ ಫಳಫಳ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿಂದು ಲಡ್ಡು ಹಿಡಿಯುತ್ತದೆ. ಮೊದಲು ಒಂದು ತೂತು ಬಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ತಂತಿ ಸುತ್ತಿದೆ. ಅದರ ಪಕ್ಕ ಇನ್ನೊಂದು ತೂತಾಯಿತು, ಇನ್ನೊಂದು ತಗಡು ಸುತ್ತಿದೆ. ಹೊಸದು ಹಾಕಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ “ಓಡ್ತಾ ಇದೆಯಲ್ಲಾ” ಎನ್ನುತ್ತಿದ್ದೆ. ಓಡುವುದು ಇಂಜಿನ್ನಿನ ಗುಣ, ಸೈಲೆನ್ಸರಿನದಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ನನ್ನ ಜಿಪುಣತನವೂ ಗೊತ್ತಿತ್ತು.

ಸದ್ದಿನಿಂದ ಜನರನ್ನು ಗುರುತಿಸುವುದು ನಮ್ಮ ಕಡೆ ಹೊಸದೇನೂ ಅಲ್ಲ. ನನ್ನ ಅಜ್ಜಿ ಹೇಳುತ್ತಿದ್ದಳು, ಆಗೆಲ್ಲ ಪ್ರತಿಯೊಂದು ಜೋಡಿ ಎತ್ತಿನ ಕೊರಳ ಗಂಟೆಗೂ ಬೇರೆ ಬೇರೆ ದನಿಯಂತೆ. ಆಲೆಮನೆಗೆ ಕಬ್ಬು ಹೊಡೆದು ಗಾಡಿಗಳು ಸಾಲಾಗಿ ಹಿಂತಿರುಗುವಾಗ, ಒಳಗಿದ್ದ ಹೆಂಗಸು ಹತ್ತು ಗಂಟೆಗಳ ನಡುವೆ ತನ್ನ ಗಂಡನದನ್ನು ಗುರುತಿಸಿ ಮುದ್ದೆಗೆ ಎಸರಿಡುತ್ತಿದ್ದಳಂತೆ. ಗಂಟೆ ಕೇಳಿದ ಮೇಲೆ ಎಸರಿಟ್ಟರೆ ಗಂಡ ಎತ್ತು ಬಿಚ್ಚಿ, ಕೈಕಾಲು ತೊಳೆದು ಕೂರುವ ಹೊತ್ತಿಗೆ ಮುದ್ದೆ ಬಿಸಿಬಿಸಿ. ಈಗ ಎತ್ತು ಹೋದವು, ಗಂಟೆ ಅಟ್ಟ ಸೇರಿತು. ಎಸರಿಡುವ ಕೆಲಸವನ್ನು ಬೈಕಿನ ಸದ್ದು ವಹಿಸಿಕೊಂಡಿದೆ. ಕರೆಂಟಿನ ಲೈನ್‌ಮನ್, ಡೇರಿ ಸೆಕ್ರೆಟರಿ, ನಾನು, ಎಲ್ಲರಿಗೂ ನಮ್ಮ ನಮ್ಮ ಗಂಟೆ ಇದೆ.

ಆದರೆ ಜನರಿಗೆ ಕೇಳಿಸಿದ್ದು ದನಕ್ಕೂ ಕೇಳಿಸುತ್ತದೆ ಎಂಬ ಸಾಮಾನ್ಯ ಮಾತು, ದನದ ಇಲಾಖೆಯಲ್ಲೇ ಅನ್ನ ತಿನ್ನುವ ನನಗೆ ಹೊಳೆದಿರಲಿಲ್ಲ. ಹಸುವಿನ ಕಿವಿ ನಮ್ಮ ಕಿವಿಗಿಂತ ಚುರುಕು. ಎರಡು ಕಿವಿಯನ್ನು ಎರಡು ದಿಕ್ಕಿಗೆ ತಿರುಗಿಸಿ ಕೇಳಬಲ್ಲದು. ಒಮ್ಮೆ ನೋವು ಕೊಟ್ಟವರನ್ನು ಬೇಗ ಮರೆಯುವುದೂ ಇಲ್ಲ. ಇದನ್ನು ನನಗೆ ಕಲಿಸಿದವಳು ರಾಣಿ.

ರಾಣಿ ಪುಟ್ಟತಾಯಮ್ಮನ ಸೀಮೆಹಸು. ಪುಟ್ಟತಾಯಮ್ಮ ನಾಲೆಯ ಆಚೆ ಮೊದಲನೇ ಹಟ್ಟಿಯ ಯಜಮಾನಿ. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಒಂದೇ ಮನೆಯಲ್ಲಿದ್ದಾಳೆ. ಕರುವಾಗಿದ್ದಾಗ ತಾಯಿ ಸತ್ತು, ರಾಣಿಯನ್ನು ಆಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಆ ಹಸುವಿಗೆ ಜಗತ್ತಿನಲ್ಲಿ ಒಬ್ಬಳೇ ತಾಯಿ, ಒಬ್ಬನೇ ಶತ್ರು. ಶತ್ರು ಯಾರೆಂದು ಹೇಳಬೇಕಾಗಿಲ್ಲ. ಹಿಂದೊಮ್ಮೆ ಜ್ವರ ಬಂದಾಗ ನಾನು ಒಂದು ವಾರ ದಿನಾ ಇಂಜೆಕ್ಷನ್ ಚುಚ್ಚಿದ್ದೆ. ಅದಾದ ಮೇಲೊಮ್ಮೆ ಬೆದೆಗೆ ಬಂದಿದ್ದಾಳೆಂದು ಫೋನು ಬಂದು, ನಾನು ಹೋದರೆ, ಸೇತುವೆ ಮೇಲೆ ನನ್ನ ಬೈಕು ಗುಡುಗಿದ್ದೇ ತಡ, ಕಣ್ಣಿ ಕಿತ್ತುಕೊಂಡು ಕಬ್ಬಿನ ಗದ್ದೆಗೆ ನುಗ್ಗಿದಳು. ಎಂಟು ಅಡಿ ಬೆಳೆದ ಕಬ್ಬಿನೊಳಗೆ ಹಸು ಹುಡುಕುವುದು ಎಂಥ ಕೆಲಸವೆಂದು ಹುಡುಕಿದವರಿಗೇ ಗೊತ್ತು. ಅವಳು ಸಿಗುವ ಹೊತ್ತಿಗೆ ಬೆದೆ ಇಳಿದಿತ್ತು. ಮುಂದಿನ ಸಲ ನಾಲ್ಕು ಜನ ಹಿಡಿದುಕೊಂಡು ಹೇಗೋ ಸೂಜಿ ಹಾಕಿಸಿದರು. ಬೆದರಿ ನಡುಗುತ್ತಿದ್ದ ಹಸುವಿಗೆ ಗಬ್ಬ ನಿಲ್ಲಲಿಲ್ಲ.

ಮೂರು ವಾರ ಕಳೆದು ಮತ್ತೆ ಬೆದೆಗೆ ಬಂದದ್ದನ್ನು ಹೇಳಲು ಪುಟ್ಟತಾಯಮ್ಮ ಫೋನು ಮಾಡಲಿಲ್ಲ. ಎರಡು ದಿನ ಬಿಟ್ಟು ಡೇರಿ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು.

“ಯಾಕಮ್ಮಾ, ಫೋನ್ ಮಾಡ್ಲಿಲ್ಲ?”

“ಏನಂತ ಮಾಡನಪ್ಪ? ನಿಮ್ ಗಾಡಿ ನಾಲೆ ಮ್ಯಾಲೆ ಬತ್ತಿದ್ದಂಗೇ ಅವ್ಳು ಕಬ್ಬೊಳಗಿರ್ತಾಳೆ. ಬರೋ ಸಲನೂ ನಿಲ್ದೇ ಓದ್ರೆ ದಲ್ಲಾಳಿ ಕೈಗೆ ಕಣ್ಣಿ ಕೊಡ್ತೀನಿ ಅಂತ ಕುಂತವ್ನೆ ನಮ್ ಮೈದ್ನ. ನಾನು ಬಾಟ್ಲಿ ಆಲು ಕುಡ್ಸಿ ಸಾಕಿದ್ದು ದಲ್ಲಾಳಿಗ್ ಕೊಡಕ್ಕಾ? ಅದೇನ್ ಮಾಡೀರೋ ಮಾಡಿ. ಆ ಗಾಡಿ ಬಾಯ್ ಮುಚ್ಸಿ.”

ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಎರಡು ದಿನ ಆಗಲೇ ಕಳೆದು, ಹತ್ತೊಂಬತ್ತು ಉಳಿದಿದ್ದವು. ಆಕೆಯ ಕಣ್ಣು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಒಂದು ತಗಡಿನ ಜಿಪುಣತನಕ್ಕೆ ಇನ್ನೊಬ್ಬರ ಮಗಳು ಮಾರಾಟವಾಗುವ ಹಾಗಿತ್ತು. ಸೈಲೆನ್ಸರ್ ಬದಲಿಸಲೇಬೇಕೆಂದು ನಿರ್ಧರಿಸಿದೆ. ನಿರ್ಧಾರ ದೊಡ್ಡದು, ಜೇಬು ಹಳೆಯದೇ.

ಮಂಡ್ಯದ ಶೋರೂಮಿನಲ್ಲಿ ಕಂಪನಿಯ ಸೈಲೆನ್ಸರಿನ ಬೆಲೆ ಕೇಳಿದೆ. ಕೇಳಿದ ಕೂಡಲೇ ನನಗೆ ಬಾರದ ಫೋನೊಂದು ಬಂತು, ಅದನ್ನು ಕಿವಿಗಿಟ್ಟುಕೊಂಡು ಹೊರಗೆ ಬಂದೆ. ಎರಡು ಬೀದಿ ದಾಟಿದರೆ ಬಿಡಿಭಾಗಗಳ ಅಂಗಡಿ. ಅಲ್ಲಿ ಗೋಡೆ ತುಂಬ ಸೈಲೆನ್ಸರುಗಳು ನೇತಾಡುತ್ತಿದ್ದವು. ಕನ್ನಡಿಯ ಹಾಗೆ ಮುಖ ಕಾಣುವ ಸ್ಟೀಲಿನದೊಂದನ್ನು ಅಂಗಡಿಯವನು ಇಳಿಸಿದ. ಬೆಲೆ ಅರ್ಧಕ್ಕೂ ಕಡಿಮೆ.

“ಸೌಂಡ್ ಹೆಂಗಪ್ಪಾ?” ಎಂದೆ.

“ಸೌಂಡ್ ವಿಸ್ಯಕ್ಕೆ ನೀವು ತಲೆನೇ ಕೆಡಿಸ್ಕೋಬ್ಯಾಡಿ ಸಾ. ಇದನ್ನ ಹಾಕ್ಸಿದೋರು ಯಾರೂ ವಾಪಸ್ ಬಂದಿಲ್ಲ.”

ನಾನು ಬೆಲೆ ಕೇಳಿದ ಸಂತೋಷದಲ್ಲಿ ಹೆಚ್ಚು ವಿಚಾರಿಸಲಿಲ್ಲ. ಹಸು ಕೊಳ್ಳುವವರಿಗೆ ಇಪ್ಪತ್ತು ವರ್ಷದಿಂದ ನಾನೇ ಹೇಳುತ್ತ ಬಂದಿರುವ ಮಾತು, ‘ಮೈ ಬಣ್ಣ ನೋಡ್ಬೇಡಿ, ಕೆಚ್ಚಲು ನೋಡಿ’ ಎಂದು. ಆ ಬುದ್ಧಿಯನ್ನು ನನಗೇ ಹೇಳಿಕೊಳ್ಳಲು ಮರೆತೆ. ಅಂಗಡಿಯ ಮುಂದೆಯೇ ಹಾಕಿಸಿ ಕಿಕ್ ಹೊಡೆದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಈಚೆಗೆ ಬಂದರು. ದಾರಿಯಲ್ಲಿ ಕಾಲೇಜು ಹುಡುಗರ ಗುಂಪೊಂದು ನನ್ನ ಬೋಳುತಲೆಗೆ ಹೆಬ್ಬೆರಳೆತ್ತಿ ತೋರಿಸಿತು. ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದು, ಚೀಲ ನೋಡಿ, ನನ್ನ ಮುಖ ನೋಡಿ, “ಈ ವಯಸ್ನಲ್ಲಿ ನಿಮ್ಗ್ಯಾಕ್ ಸಾ ಇದು? ನಾಳೆನೇ ತೆಗ್ಸಿ, ಇಲ್ದಿದ್ರೆ ಗಾಡಿ ಇಲ್ಲೇ ಇರ್ತದೆ” ಎಂದರು. ಮನೆ ಮುಟ್ಟಿದಾಗ ಬಾಗಿಲು ಹಾಕಿತ್ತು. ಯಾರೋ ಪುಂಡರೆಂದು ಹೆಂಡತಿ ಚಿಲಕ ಹಾಕಿಕೊಂಡಿದ್ದಳು.

ಮಾರನೆಯ ದಿನ ಮದ್ದೂರಿನ ನಮ್ಮ ಹಳೆಯ ಮೆಕ್ಯಾನಿಕ್ ಅಫ್ಸರ್ ಅದನ್ನು ಬಿಚ್ಚಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ.

“ಒಳ್ಗಡೆ ಏನೂ ಇಲ್ಲ ಸಾ. ಬರೀ ತಮಟೆ ಇದು.”

ಆಮೇಲೆ ನಾನು ಅಂಗಡಿಯಿಂದ ವಾಪಸ್ ತಂದಿದ್ದ ಹಳೆಯ ಸೈಲೆನ್ಸರನ್ನು ಗರಗಸದಿಂದ ಸೀಳಿ ತೋರಿಸಿದ. ಹದಿನಾರು ವರ್ಷ ಕಾಲಿನ ಪಕ್ಕದಲ್ಲೇ ಇಟ್ಟುಕೊಂಡು ತಿರುಗಿದ ವಸ್ತುವಿನ ಹೊಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಅಡ್ಡತಟ್ಟೆಗಳು, ತೂತು ತೂತಿನ ಕೊಳವೆಗಳು, ಕೋಣೆಯೊಳಗೊಂದು ಕೋಣೆ. ಹೊಗೆ ನೇರ ಹೊರಗೆ ಬರುವಂತಿಲ್ಲ. ಒಂದು ಕೋಣೆಗೆ ಹೋಗಿ, ಹಿಂತಿರುಗಿ, ಇನ್ನೊಂದಕ್ಕೆ ಹೋಗಿ, ಸುತ್ತಿ ಸುತ್ತಿ ಬರುವಷ್ಟರಲ್ಲಿ ಅದರ ಆರ್ಭಟವೆಲ್ಲ ಇಳಿದುಹೋಗುತ್ತದೆ. ತಾಲ್ಲೂಕು ಕಚೇರಿಗೆ ಜೋರು ದನಿಯಲ್ಲಿ ನುಗ್ಗಿದ ರೈತ ನಾಲ್ಕು ಟೇಬಲ್ ಸುತ್ತಿ ಕೊನೆಗೆ “ಆಯ್ತು ಸಾರ್, ನಾಳೆ ಬತ್ತೀನಿ” ಎಂದು ಮೆಲ್ಲಗೆ ಹೊರಗೆ ಬರುವುದನ್ನು ನೀವು ನೋಡಿರಬಹುದು. ನಮ್ಮ ಸರ್ಕಾರಿ ವ್ಯವಸ್ಥೆಯನ್ನು ಕಟ್ಟಿದವರಿಗೂ ಸೈಲೆನ್ಸರ್ ಕಟ್ಟಿದವರಿಗೂ ಎಲ್ಲೋ ನೆಂಟಸ್ತನವಿರಬೇಕು.

ಅಫ್ಸರ್ ಉಪಾಯ ಹೇಳಿದ. “ಮಳವಳ್ಳಿ ಗುಜರಿಗೆ ಓಗನ ಬನ್ನಿ ಸಾ. ನಿಮ್ದೇ ಮಾಡ್ಲು ಗಾಡಿ ಬಂದಿರ್ತವೆ. ಹಳೇದಾದ್ರೂ ಕಂಪ್ನಿದು, ಹೊಟ್ಟೆ ಗಟ್ಟಿ ಇದ್ರೆ ಸಾಕು.” ಭಾನುವಾರ ಆ ತಮಟೆಯನ್ನೇ ಮತ್ತೆ ಹಾಕಿಕೊಂಡು ಹೋದೆವು. ಗುಜರಿ ಅಂಗಡಿಯ ಹಿಂದೆ ಸೈಲೆನ್ಸರುಗಳ ರಾಶಿ. ಒಳಗೆ ಲಡ್ಡಾಗಿದ್ದರೆ ಬೆರಳಿನಿಂದ ತಟ್ಟಿದಾಗ ಪೊಳ್ಳು ಸದ್ದು ಬರುತ್ತದೆ, ಅಲ್ಲಾಡಿಸಿದರೆ ತುಕ್ಕಿನ ಚೂರು ಗಲಗಲ ಅನ್ನುತ್ತದೆ ಎಂದು ಅಫ್ಸರ್ ಹೇಳಿಕೊಟ್ಟ. ತಟ್ಟಿ ನೋಡುವುದು ನನ್ನ ಕಸುಬೇ ಆದ್ದರಿಂದ ಪಕ್ಕೆ ಸವರಿ, ಹೊಟ್ಟೆ ತಟ್ಟಿ, ಕಿವಿಯಿಟ್ಟು ಒಂದೊಂದನ್ನೇ ಪರೀಕ್ಷಿಸಿದೆ. ನನ್ನ ಕಸುಬನ್ನು ಅಫ್ಸರನಿಂದ ತಿಳಿದಿದ್ದ ಗುಜರಿಯವನು ನಕ್ಕು, “ಡಾಕ್ಟ್ರು ಗಬ್ಬ ನೋಡ್ತಾವ್ರೆ ಕಣ್ಲಾ ಅಫ್ಸರ್” ಎಂದ. ಏಳನೆಯದೋ ಎಂಟನೆಯದೋ ತಟ್ಟಿದಾಗ ತುಂಬಿದ ಹೊಟ್ಟೆಯ ಸದ್ದು ಬಂತು. ಮೇಲೆ ಕೆರೆದ ಗಾಯ, ಒಂದು ಕಡೆ ಜಜ್ಜು, ರೂಪವೇನೂ ಇಲ್ಲ. ನನ್ನ ಕನ್ನಡಿ ಸೈಲೆನ್ಸರನ್ನು ಅವನಿಗೇ ಕೊಟ್ಟು ಇದನ್ನು ಎತ್ತಿಕೊಂಡೆ. ಕ್ಲಾಂಪ್ ಸರಿಹೊಂದದೆ ಅಫ್ಸರ್ ಅಲ್ಲೇ ಒಂದು ಪಟ್ಟಿ ವೆಲ್ಡಿಂಗ್ ಮಾಡಿದ, ಬಾಯಿಗೆ ಹೊಸ ವಾಷರ್ ಕೂರಿಸಿದ.

ಮಳವಳ್ಳಿಯಿಂದ ಬರುವಾಗ ನನಗೆ ನನ್ನ ಗಾಡಿಯೇ ಅಪರಿಚಿತವಾಗಿತ್ತು. ಚೈನಿನ ಕಿರಿಕಿರಿ ಕೇಳಿಸಿತು. ಕಬ್ಬಿನ ಗರಿ ಸರಿದಾಡುವುದು ಕೇಳಿಸಿತು. ಯಾರೋ ಅಪಸ್ವರದಲ್ಲಿ ಗುನುಗುತ್ತಿದ್ದಾರಲ್ಲ ಎಂದು ನೋಡಿದರೆ ಅದು ನಾನೇ. ಇಷ್ಟು ವರ್ಷ ನನ್ನ ಸಂಗೀತವನ್ನು ಬೈಕು ಮುಚ್ಚಿಟ್ಟು ಉಪಕಾರ ಮಾಡಿತ್ತು.

ಸರಿಯಾದ ದಿನಕ್ಕೆ ಫೋನು ಬಂತು. ಸೇತುವೆ ದಾಟುವಾಗ ನನ್ನ ಎದೆಯೇ ಬೈಕಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹಟ್ಟಿಯ ಮುಂದೆ ಇಳಿದೆ. ರಾಣಿ ಆ ಕಡೆ ಮುಖ ಮಾಡಿ ಮೆಲುಕು ಹಾಕುತ್ತ ನಿಂತಿದ್ದಳು, ಕಣ್ಣಿ ಬಿಗಿಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆದರೆ ಪುಟ್ಟತಾಯಮ್ಮನೇ ಇಲ್ಲ! ಆಕೆಯೂ ಊರಿನ ಎಲ್ಲರ ಹಾಗೆ ಸೇತುವೆ ಮೇಲಿನ ಗುಡುಗು ಕೇಳಿದ ಮೇಲೆ ಮನೆಗೆ ಬರುವವಳು. ಗದ್ದೆಯಲ್ಲಿ ಹುಲ್ಲು ಕೊಯ್ಯುತ್ತ ಕಿವಿ ನಾಲೆಯ ಕಡೆಗಿಟ್ಟು ಕಾಯುತ್ತಲೇ ಇದ್ದಳಂತೆ. ಕೂಗಿದರೆ ರಾಣಿಗೆ ನನ್ನ ದನಿ ಗೊತ್ತು, ಹಾರ್ನ್ ಹೊಡೆಯುವಂತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಕಳ್ಳನ ಹಾಗೆ ಓಡಿದೆ. ಆಕೆ ಬಂದು ರಾಣಿಯ ಕೊರಳ ಕೆಳಗಿನ ಗಂಗೆದೊಗಲು ನೇವರಿಸುತ್ತ, ಕಿವಿಯಲ್ಲಿ ಏನೋ ಹೇಳುತ್ತ ನಿಂತಳು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ರಾಣಿಗೆ ಗೊತ್ತಾಗುವಷ್ಟರಲ್ಲಿ ನಾನು ಸೇತುವೆಯ ಈಚೆಗಿದ್ದೆ.

ಮೂರು ತಿಂಗಳು ಆ ಸುತ್ತಿನ ಹಳ್ಳಿಗಳಲ್ಲೆಲ್ಲ ನನಗೆ ಬೈಗುಳ. “ಯಾವಾಗ್ ಬತ್ತೀರೋ, ಯಾವಾಗ್ ಓಯ್ತೀರೋ, ಒಂದೂ ಗೊತ್ತಾಗಕಿಲ್ಲ. ಆ ಹಳೇದ್ನೇ ಹಾಕಿ ಸಾಮಿ” ಎನ್ನುವವರೇ ಎಲ್ಲ. ಗಬ್ಬ ನೋಡಲು ಹೋದ ದಿನ ಪುಟ್ಟತಾಯಮ್ಮನ ಮೈದುನನೂ ಕಂಬಕ್ಕೆ ಒರಗಿ ನಿಂತಿದ್ದ. ಕೈ ಹಾಕಿ ನೋಡಿದೆ. “ನಿಂತದೆ ಕಣಮ್ಮ” ಎಂದೆ. ಆಕೆ ಸೆರಗಿನಿಂದ ರಾಣಿಯ ಮುಖ ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ತನ್ನ ಮುಖ. ಮೈದುನ ಮೆತ್ತಗೆ ಒಳಗೆ ಹೋಗಿ ಅಟ್ಟದಿಂದ ಒಂದು ಹಿತ್ತಾಳೆ ಗಂಟೆ ತಂದು ಕೊಟ್ಟ. ಅವರಪ್ಪನ ಎತ್ತಿನದಂತೆ. “ಗಾಡಿಗ್ ಕಟ್ಕಳಿ ಡಾಕ್ಟ್ರೇ. ಜನುಕ್ಕೆ ಗೊತ್ತಾಗ್ಲಿ, ಅಸೀಗೆ ಗಾಬ್ರಿ ಆಗದ್ ಬ್ಯಾಡ.”

ಹ್ಯಾಂಡಲಿಗೆ ಕಟ್ಟಿಕೊಂಡೆ. ಜನ ಮತ್ತೆ ಹಸು ಹಿಡಿದುಕೊಂಡು ಮುಂಚೆಯೇ ನಿಲ್ಲತೊಡಗಿದರು. ಹದಿನೈದು ದಿನ ಎಲ್ಲವೂ ಚೆಂದ. ಆ ನಡುವೆ ಗಂಟೆ ಕಟ್ಟಿಕೊಂಡೇ ಹೋಗಿ ರಾಣಿಗೂ ಒಂದು ಲಸಿಕೆ ಚುಚ್ಚಿ ಬಂದಿದ್ದೆ. ಆಮೇಲೊಂದು ದಿನ ಸೇತುವೆ ಮೇಲೆ ಗಂಟೆ ಕಿಣಿಕಿಣಿ ಎನ್ನಿಸಿಕೊಂಡು ಹೋದರೆ, ಹಟ್ಟಿಯಲ್ಲಿ ರಾಣಿ ಕಣ್ಣಿ ಜಗ್ಗುತ್ತಿದ್ದಳು. ನಾನು ಪೆಚ್ಚಾಗಿ ನಿಂತೆ. ಪುಟ್ಟತಾಯಮ್ಮ ನಗುತ್ತ ಹೇಳಿದಳು: “ಅವ್ಳು ಗಾಡಿಗೂ ಎದ್ರಲ್ಲ, ಗಂಟೆಗೂ ಎದ್ರಲ್ಲ ಕಣಪ್ಪ. ನಿಮ್ಗೇ ಎದ್ರಾದು. ಒಂದ್ ದಿನಾನಾರ ಬರೀಗೈಲಿ ಬಂದಿದ್ದೀರಾ?”

ಯೋಚಿಸಿದೆ. ಬಂದಿರಲಿಲ್ಲ. ಅಷ್ಟು ವರ್ಷ ಆ ಹಟ್ಟಿಗೆ ಹೋದಾಗಲೆಲ್ಲ ಸೂಜಿ ಹಿಡಿದೇ ಹೋಗಿದ್ದೆ. ಆವತ್ತಿನಿಂದ ಕೆಲಸವಿರಲಿ ಬಿಡಲಿ, ವಾರಕ್ಕೊಮ್ಮೆ ನಾಲೆಯ ಆಚೆ ಗಾಡಿ ನಿಲ್ಲಿಸಿ, ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದು ದೂರದಿಂದಲೇ ಕೈ ಚಾಚುತ್ತಿದ್ದೆ. ಮೊದಲ ವಾರ ಅವಳು ಮುಖ ತಿರುಗಿಸಿದಳು. ಎರಡನೇ ವಾರ ಬೆಲ್ಲ ತಿಂದು ಮುಖ ತಿರುಗಿಸಿದಳು. ಮೊನ್ನೆ ಸೇತುವೆ ಹತ್ತುವಾಗ, ಗಂಟೆಯ ಸದ್ದು ಆಚೆ ದಡ ಮುಟ್ಟಿತೋ ಇಲ್ಲವೋ, ಹಟ್ಟಿಯ ಕಡೆಯಿಂದ ‘ಅಂಬಾ’ ಎಂದು ಕೇಳಿಸಿತು. ಹಳೆಯ ಸೈಲೆನ್ಸರ್ ಇದ್ದಿದ್ದರೆ ನನಗದು ಕೇಳಿಸುತ್ತಲೇ ಇರಲಿಲ್ಲ.