ಐಸಿನಲ್ಲಿಟ್ಟ ಮಣ್ಣು

ಗಾಳಿ, ದೃಷ್ಟಿ, ಮಾಟ ಎಂದು ಜನ ಹೇಳುವುದನ್ನು ನಾನು ನಂಬಿದವಳಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಬೇವಿನ ಸೊಪ್ಪು ಹಿಡಿದು ಓಡಿ ಬರುವವರನ್ನು ಕಂಡು ನಕ್ಕವಳು ನಾನು. ಈಗ ಹೇಳುವುದನ್ನು ನೀವೂ ನಂಬಬೇಕಾಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೇ.

ಅರವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನನಗೆ ಬಸಿರು ನಿಂತಿತ್ತು. ಅದಕ್ಕೆ ಮುಂಚೆ ನಿಂತದ್ದೆಲ್ಲ ಮೊದಲ ತಿಂಗಳುಗಳಲ್ಲೇ ಹೋಗಿತ್ತು. ಈ ಸಲ ಏಳು ತುಂಬಿತ್ತು. ಮಗು ಒದೆಯುತ್ತಿತ್ತು, ಕಟ್ಟಿದ ಕರು ಗೂಟ ಕೀಳುವ ಹಾಗೆ ಒದೆಯುತ್ತಿತ್ತು. ಇನ್ನೊಂದು ಬಸಿರು ತಡೆಯುವ ಶಕ್ತಿ ನನ್ನ ಮೈಯಲ್ಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಇದೇ ಕೊನೆ.

ತಮಿಳು ಸೀಮೆಯ ನಮ್ಮೂರು ಮಾರ್ಕಯನ್‌ಕೋಟ್ಟೈಯಿಂದ ದಿಂಡಿಗಲ್ಲಿನ ಡಾಕ್ಟರಮ್ಮನಿಗೆ ತೋರಿಸಲು ಹೊರಟಾಗ ನನ್ನ ಅತ್ತೆ ತಮ್ಮ ಅಡಕತ್ತರಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಬಸುರಿ ಊರು ದಾಟುವಾಗ ಮೈಮೇಲೆ ಕಬ್ಬಿಣ ಇರಲೇಬೇಕು ಎಂಬುದು ಅವರ ಕಟ್ಟು.

"ಈ ಕಬ್ಬುನ ಮೈ ಬುಟ್ಟು ಇಳೀಬಾರ್ದು, ತಿಳೀತೇನೆ?" ಎಂದರು. ವಾದ ಮಾಡುವಷ್ಟು ಬೆಲೆಯನ್ನೂ ನಾನು ಅದಕ್ಕೆ ಕೊಡಲಿಲ್ಲ.

ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಇಟ್ಟು ಕೇಳಿ, ಮಗು ಗಟ್ಟಿಯಾಗಿದೆ ಎಂದರು. ಗಂಡ ನನ್ನನ್ನು ನನ್ನ ತಮ್ಮನ ಹತ್ತಿರ ಬಿಟ್ಟು, ಬಾವಿಯ ಮೋಟಾರಿನ ಸಾಮಾನು ತರಲು ಪೇಟೆಗೆ ಹೋದರು.

ತಮ್ಮ ಬೊಮ್ಮಯ್ಯ ಅಲ್ಲಿನ ಒಂದು ಕಾಲೇಜಿನಲ್ಲಿ ದೊಡ್ಡ ಪದವಿಗೆ ಓದುತ್ತಿದ್ದ. ಕಾಲೇಜಿನ ಅವನ ಪ್ರಯೋಗದ ಕೋಣೆಯಲ್ಲಿ ಅವನೇ ತಂತಿ ಸುತ್ತಿ ಮಾಡಿದ ಅಯಸ್ಕಾಂತವಿತ್ತು, ಎತ್ತಿನ ಗಾಣದಷ್ಟು ದೊಡ್ಡದು. ಬಾಗಿಲಲ್ಲೇ ತಡೆದ.

"ಅಕ್ಕಾ, ಮೈಮ್ಯಾಲೆ ಕಬ್ಬುನ ಗಿಬ್ಬುನ ಐತಾ?"

ಅಡಕತ್ತರಿ ತೆಗೆದು ಕೊಟ್ಟೆ. "ಇದೊಂದೇನಾ? ನಿಮ್ಮತ್ತೆ ನೇಗಿಲೇ ಕಟ್ಟಿ ಕಳಿಸ್ಬೇಕಿತ್ತು!" ಎಂದು ನಕ್ಕು ಅದನ್ನು ಹೊರಗಿನ ಕಿಟಕಿಯ ಮೇಲೆ ಇಟ್ಟ. ನಾನೂ ನಕ್ಕೆ.

ಅವನ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಾಗೆ ಬಂಗಾರದ ಹಾಗೆ ಪದರು ಪದರಾಗಿರುವ ಒಂದು ಮಣ್ಣು. ಆ ಪದರುಗಳ ಸಂದಿಯಲ್ಲಿ ಅವನು ಲಿಥಿಯಂ ಎಂಬ ಲೋಹದ ಕಣಗಳನ್ನು ಸೇರಿಸಿದ್ದ. ಚಳಿಯಲ್ಲಿ ಅವು ಕೂತಲ್ಲೇ ಕೂತಿರುತ್ತವಂತೆ. ಬಿಸಿ ತಾಗಿದರೆ ಎದ್ದು ಸಂದಿಯಲ್ಲೇ ಅಡ್ಡಾಡುತ್ತವಂತೆ. ಮಣ್ಣಿನ ಸೀಸೆಯನ್ನು ಅಯಸ್ಕಾಂತದ ನಡುವೆ ಇಟ್ಟರೆ ಪಕ್ಕದ ಪೆಟ್ಟಿಗೆಯ ಗಾಜಿನ ಮೇಲೆ ಹಸಿರು ಗೆರೆಯೊಂದು ದಿಬ್ಬದ ಹಾಗೆ ಕಾಣುತ್ತದೆ. ಕಣ ಕೂತಿದ್ದರೆ ದಿಬ್ಬ ಅಗಲ. ಅಡ್ಡಾಡಿದರೆ ದಿಬ್ಬ ಸಣ್ಣಗಾಗಿ, ಮೊನಚಾಗಿ ಮೇಲೇಳುತ್ತದೆ.

ಆವತ್ತು ಸೀಸೆ ಐಸಿನೊಳಗಿತ್ತು. ದಿಬ್ಬ ಅಗಲವಾಗಿತ್ತು. ನಾನು ಅಯಸ್ಕಾಂತದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೂತ ಸ್ವಲ್ಪ ಹೊತ್ತಿಗೆ ಗೆರೆ ಸಣ್ಣಗಾಗಿ ಸೂಜಿಯ ಹಾಗೆ ಎದ್ದು ನಿಂತಿತು.

ಬೊಮ್ಮಯ್ಯ ಐಸು ಮುಟ್ಟಿ ನೋಡಿದ. ಕರಗಿರಲಿಲ್ಲ. ನನ್ನನ್ನು ಹೊರಗೆ ಕಳಿಸಿದ. ದಿಬ್ಬ ಮತ್ತೆ ಅಗಲವಾಯಿತು. ಒಳಗೆ ಕರೆದ, ಸೂಜಿಯಾಯಿತು. ಹೀಗೆ ಮತ್ತೆ ಮತ್ತೆ ಮಾಡಿಸಿದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಗಾಜಿನ ಮೇಲಿತ್ತು.

"ಸಾಕು ಬುಡ್ಲಾ, ಸೊಂಟ ಇಡ್ಕೊಂಡೈತೆ," ಎಂದೆ.

"ಒಸಿ ನೇರ, ಇನ್ನೊಸಿ ಹೊತ್ತು ಕೂರು ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಚಳೀಲಿ ಕೂತಿರಬೇಕಾದ್ದು ಎದ್ದು ಓಡ್ತೈತೆ! ಇದನ್ನ ಯಾರೂ ಕಂಡಿಲ್ಲ."

ಗಂಡ ಬಂದು ಬಾಗಿಲು ತಟ್ಟುವ ತನಕ ಕೂತಿದ್ದೆ.

ಊರಿಗೆ ಮರಳುವ ಬಸ್ಸಿನಲ್ಲಿ ವತ್ತಲಗುಂಡು ದಾಟಿದ ಮೇಲೆ ಗೊತ್ತಾಯಿತು. ರಸ್ತೆ ಹಳ್ಳ ಬಿದ್ದಿತ್ತು. ಬರುವಾಗ ಪ್ರತಿ ಕುಲುಕಿಗೂ ಒದ್ದಿದ್ದ ಮಗು ಈಗ ಸುಮ್ಮನಿತ್ತು. ತೇನಿಯಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯುವಾಗ ಹೊಟ್ಟೆ ಒತ್ತಿ ನೋಡಿದೆ, ತಟ್ಟಿ ನೋಡಿದೆ. "ಮಲಗಿರ್ತದೆ, ಬುಡು," ಎಂದರು ಗಂಡ. ಅದು ಏಳಲಿಲ್ಲ. ಆ ವಾರವೇ ಹೆತ್ತೆ. ಗಂಡು. ಅಳಲಿಲ್ಲ.

ಬಳ್ಳಿ ಕೊರಳಿಗೆ ಸುತ್ತಿರಬೇಕು ಎಂದರು ಡಾಕ್ಟರಮ್ಮ. ಹೆರಿಗೆ ಮಾಡಿಸಿದ ಸೂಲಗಿತ್ತಿ, ಎಲ್ಲೂ ಸುತ್ತಿರಲಿಲ್ಲ ಎಂದಳು. ಅಡಕತ್ತರಿ ಮೈ ಬಿಟ್ಟು ಇಳಿದ ಸಂಗತಿ ತಿಳಿದ ಅತ್ತೆ ಸಾಯುವ ತನಕ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಉತ್ತರ ಸಿಕ್ಕಿತ್ತು.

ತಮ್ಮ ನೋಡಲು ಬಂದ. ಜಗಲಿಯ ಮೇಲೆ ಕೂತು ಅತ್ತ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಹೇಳಿದ: "ಅಕ್ಕಾ, ಕ್ವಾಪ ಮಾಡ್ಕೋಬ್ಯಾಡ. ಒಂದ್ಸಲ ಬಂದು ಅಂಗೇ ಕೂರ್ತೀಯಾ? ಆ ಗೆರೆ ಆಮ್ಯಾಕೆ ಬರ್ತಾನೇ ಇಲ್ಲ."

ಒಳಗಿದ್ದ ಅತ್ತೆಗೆ ಕೇಳಿಸಿತು. ಪೊರಕೆ ಹಿಡಿದು ಬಂದರು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಆದರೂ ಕೆಲವು ತಿಂಗಳ ಮೇಲೆ ನಾನು ಹೋದೆ. ಅವನಿಗಾಗಿ ಅಲ್ಲ. ನನಗೆ ತಿಳಿಯಬೇಕಿತ್ತು.

ಅದೇ ಮಣ್ಣು, ಅದೇ ಐಸು, ಅದೇ ಸ್ಟೂಲು. ಕೂತೆ. ದಿಬ್ಬ ಅಗಲವಾಗಿ, ಕೆಸರಿನಲ್ಲಿ ಬಿದ್ದ ಎಮ್ಮೆಯ ಹಾಗೆ ಬಿದ್ದಿತ್ತು. ಎದ್ದು ಹೊರಗೆ ಹೋದೆ, ಒಳಗೆ ಬಂದೆ. ಅಲುಗಲಿಲ್ಲ. ಬೊಮ್ಮಯ್ಯ ಕಾದು ಕಾದು, ಕೊನೆಗೆ ದೊಡ್ಡ ಉಸಿರು ಬಿಟ್ಟ. ಅವನ ಮುಖದಲ್ಲಿ ನಿರಾಶೆ ಇರಲಿಲ್ಲ, ಸಮಾಧಾನ ಇತ್ತು.

"ನೋಡ್ದೇನಕ್ಕಾ? ಆವತ್ತು ಯಾವ್ದೋ ತಂತಿ ಸಡಿಲಾಗಿತ್ತು. ನಿನ್ನಲ್ಲಿ ಏನೂ ಇಲ್ಲ."

"ಈಗ ಇಲ್ಲ," ಎಂದೆ.

ಅವನು ಸೀಸೆ ಒರೆಸತೊಡಗಿದ. ತಂತಿ ಸಡಿಲಾಗಿದ್ದರೆ ನಾನು ಹೊರಗೆ ಹೋದಾಗಲೆಲ್ಲ ಅದು ತಾನಾಗಿ ಹೇಗೆ ಬಿಗಿಯಾಗುತ್ತಿತ್ತು ಎಂದು ಕೇಳಿದೆ.

"ಬಸ್ಸಿಗೆ ನೇರ ಆಯ್ತು, ಹೊರಡು ಅಕ್ಕಾ," ಎಂದ.

ಪದವಿ ಬಂತು ಅವನಿಗೆ. ಆ ಮಧ್ಯಾಹ್ನದ ಮಾತನ್ನು ತನ್ನ ಬರವಣಿಗೆಯಲ್ಲಿ ಸೇರಿಸಲಿಲ್ಲವಂತೆ. ನನಗೆ ಮತ್ತೆ ಬಸಿರಾಗಲಿಲ್ಲ. ಐಸಿನಲ್ಲಿಟ್ಟ ಮಣ್ಣಿಗೆ ಆವತ್ತು ಓಡಾಟ ಎಲ್ಲಿಂದ ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ. ತಮ್ಮನ ಮನೆಯ ಹೊಸ್ತಿಲನ್ನು ಮಾತ್ರ ನಾನು ಆಮೇಲೆ ತುಳಿಯಲಿಲ್ಲ.